ಚಿಕ್ಕಬೈರಪ್ಪನವರ ಮನೆಯಲ್ಲಿ ಶಾಕ್ ಚಾರ್ಜು

ನನ್ನ ಗಂಡ ರುದ್ರೇಶ್ ಅವರ ಆ ಜೀಪಿನ ದೆಸೆಯಿಂದ ನಾವು ಆಗಲೇ ಎರಡು ಮನೆ ಬಿಟ್ಟಿದ್ದೆವು. ಚಿಕ್ಕಬಾಣಾವರದ ಓನರಿಗೆ ಅದರ ಸದ್ದು ಆಗಿಬರಲಿಲ್ಲ. ದಾಸರಹಳ್ಳಿಯಲ್ಲಿ ಅದು ಸೋರಿಸಿದ ಎಣ್ಣೆ ಓನರಮ್ಮನ ರಂಗೋಲಿಯ ಮೇಲೆ ಹರಿಯಿತು. ಮೂರನೆಯದು ನಾಗಸಂದ್ರದ ಚಿಕ್ಕಬೈರಪ್ಪನವರ ಮಹಡಿ ಮನೆ. ಬೋರ್‌ವೆಲ್ ಇತ್ತು, ದಿನವೂ ನಲ್ಲಿಯಲ್ಲಿ ನೀರು ಬರುತ್ತಿತ್ತು. ಕೊಡ ಹೊತ್ತು ಸೊಂಟ ಬಿದ್ದುಹೋಗಿದ್ದ ನನಗೆ ಅದೇ ಕೈಲಾಸ. ಈ ಮನೆಯೂ ಹೋದರೆ ನಾನು ತವರಿಗೆ ದಾವಣಗೆರೆಯ ಬಸ್ಸು ಹತ್ತುತ್ತೇನೆ, ನೀವೂ ನಿಮ್ಮ ಜೀಪೂ ಸುಖವಾಗಿರಿ ಎಂದು ರುದ್ರೇಶ್‌ಗೆ ಹೇಳಿಬಿಟ್ಟಿದ್ದೆ. ತಮಾಷೆಗೆ ಹೇಳಿದ್ದಲ್ಲ.

ಚಿಕ್ಕಬೈರಪ್ಪನವರು ಒಳ್ಳೆಯವರೇ. ಕರೆಂಟಿನ ವಿಷಯದಲ್ಲಿ ಮಾತ್ರ ಸ್ವಲ್ಪ ಕಷ್ಟ. ಮೇಲಿನ ಮನೆಗೂ ಕೆಳಗಿನ ಮನೆಗೂ ಒಂದೇ ಮೀಟರು, ಬಾಡಿಗೆಯಲ್ಲೇ ಕರೆಂಟೂ ಸೇರಿತ್ತು. ಆದ್ದರಿಂದ ಹೀಟರ್ ಬೇಡ, ಇಸ್ತ್ರಿ ಪೆಟ್ಟಿಗೆ ಬೇಡ. ಹಗಲು ಹೊತ್ತು ನಮ್ಮ ಮನೆಯಲ್ಲಿ ಬಲ್ಬು ಉರಿದರೆ ಕೆಳಗಿನಿಂದ ಅವರ ಕೆಮ್ಮು ಕೇಳಿಸುತ್ತಿತ್ತು.

ತೊಂಬತ್ತಾರನೆಯ ಇಸವಿಯ ಒಂದು ಶನಿವಾರ ಮಧ್ಯಾಹ್ನ ರುದ್ರೇಶ್ ಪೀಣ್ಯದಿಂದ ಟೆಂಪೋದಲ್ಲಿ ಒಂದು ಸಿಲಿಂಡರ್ ತಂದು ಅಂಗಳದಲ್ಲಿ ಇಳಿಸಿದರು. ಎದೆಯೆತ್ತರ, ಬೂದು ಬಣ್ಣ. ಜೀಪಿನ ಶಾಕ್ ಅಬ್ಸಾರ್ಬರುಗಳ ಒಳಗಿದ್ದ ನೈಟ್ರೋಜನ್ ಸೋರಿಹೋಗಿ ಅವು ಸತ್ತಿವೆಯಂತೆ. ಮರುದಿನ ಕಲ್ಲುಕ್ವಾರಿಯಲ್ಲಿ ಜೀಪುಗಳ ಪಂದ್ಯ. ಮನೆಯಲ್ಲೇ ಗ್ಯಾಸ್ ತುಂಬಿಕೊಳ್ಳುತ್ತಾರಂತೆ. ಸೈಕಲ್ ಅಂಗಡಿಯ ಗಾಳಿ ಸಾಲದೇ ಎಂದೆ. ಗಾಳಿಯಲ್ಲಿ ತೇವ ಇರುತ್ತದೆ, ಬಿಸಿಯಾದರೆ ಕೈಕೊಡುತ್ತದೆ, ನೈಟ್ರೋಜನ್ ಬಹಳ ಸಾಧು ಎಂದರು. ಈ ಮನೆಯಲ್ಲಿ ಒಬ್ಬರಾದರೂ ಸಾಧುಗಳಿರಲಿ ಎಂದು ಸುಮ್ಮನಾದೆ.

ಓನರಮ್ಮ ಭದ್ರಮ್ಮನವರು ಗ್ರೈಂಡರಿಗೆ ಅಕ್ಕಿ ಹಾಕಿ ಬಂದು ಬಾಗಿಲಲ್ಲಿ ನಿಂತರು. “ಇದೇನ್ ಸಾರ್, ಇಷ್ಟುದ್ದ?”

“ಶಾಕ್ ಹೋಗಿದೆ ಅಮ್ಮ, ಚಾರ್ಜ್ ಮಾಡ್ಬೇಕು. ಇಲ್ಲೇ ಮನೇಲೇ ಮಾಡ್ಕೊಂಡ್ಬಿಡ್ತೀನಿ,” ಎಂದರು ರುದ್ರೇಶ್. ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳಬಾರದೇ? “ಒಟ್ಟು ನಾಲ್ಕಿದಾವೆ,” ಎಂದೂ ಸೇರಿಸಿದರು.

ಭದ್ರಮ್ಮನವರಿಗೆ ಗೊತ್ತಿದ್ದ ಶಾಕು ಒಂದೇ, ಒದ್ದೆ ಕೈಯಲ್ಲಿ ಮೋಟಾರಿನ ಸ್ವಿಚ್ಚು ಮುಟ್ಟಿದರೆ ಹೊಡೆಯುವುದು. ಅದನ್ನು ತಮ್ಮ ಮೀಟರಿನಿಂದ ಚಾರ್ಜ್ ಮಾಡುತ್ತಾರೆ, ಅದೂ ನಾಲ್ಕು. ಅವರು ಸೆರಗು ಸಿಕ್ಕಿಸಿಕೊಂಡು ಸೀದಾ ಒಳಗೆ ನಡೆದರು.

ಸ್ವಲ್ಪ ಹೊತ್ತಿಗೆ ಚಿಕ್ಕಬೈರಪ್ಪನವರು ಲುಂಗಿ ಎತ್ತಿಕಟ್ಟಿ, ಎಡಗಾಲು ಎಳೆದುಕೊಂಡು ಹೊರಗೆ ಬಂದರು. ಕೈಯಲ್ಲಿ ಬಿಳಿ ಪಿಂಗಾಣಿ ಫ್ಯೂಸು.

“ಮೇನ್ ಫ್ಯೂಸೇ ಕಿತ್ಕೊಂಡ್ ಬಂದಿವ್ನಿ. ಈಗ ಅದೆಂಗ್ ಚಾರ್ಜ್ ಮಾಡ್ತೀರೋ ಮಾಡಿ ಸಾರ್.”

“ಇದಕ್ಕೆ ಕರೆಂಟೇ ಬೇಡ ಗೌಡ್ರೇ.”

“ಕರೆಂಟಿಲ್ದೆ ಚಾರ್ಜಾ? ನಮ್ಗೂ ಒಂಚೂರು ತಿಳೀತದೆ ಸಾರ್. ಅಂಗೇನಾರ ಆಗೋದ್ರೆ ಇರೋಗಂಟ ಇರಿ ಈ ಮನೇಲಿ. ಆಗ್ನಿಲ್ವಾ, ಈ ತಿಂಗ್ಳಿಗೇ ಖಾಲಿ ಮಾಡಿ.”

ನನ್ನ ಕಣ್ಣ ಮುಂದೆ ಬಂದದ್ದು ನಲ್ಲಿ. ಆಮೇಲೆ ದಾವಣಗೆರೆಯ ಬಸ್ಸು.

ರುದ್ರೇಶ್ ಜೀಪಿನಿಂದ ಬಿಚ್ಚಿಟ್ಟಿದ್ದ ಒಂದು ಶಾಕನ್ನು ನೆಲಕ್ಕೆ ನೇರವಾಗಿ ನಿಲ್ಲಿಸಿ ಅದರ ಸರಳನ್ನು ಒಳಗೆ ಒತ್ತಿದರು. ಒತ್ತಿದಲ್ಲೇ ಬಿದ್ದುಕೊಂಡಿತು. ಪೈಪು ಸಿಕ್ಕಿಸಿ ಸಿಲಿಂಡರಿನ ಕೀಲಿ ತಿರುಗಿಸಿದರು, ಗೇಜಿನ ಮುಳ್ಳು ಮೇಲೇರಿತು, ಸರಳೂ ಏರತೊಡಗಿತು. ಆದರೆ ಪೈಪನ್ನು ಬಿಚ್ಚುವಾಗ ಪುಸ್ ಎಂದು ಗ್ಯಾಸೆಲ್ಲ ಹೊರಗೆ ಬಂತು. ಒತ್ತಿ ನೋಡಿದರೆ ಸರಳು ಮತ್ತೆ ಹೆಣ. ಇನ್ನೊಮ್ಮೆ ತುಂಬಿದರು. ಇನ್ನೊಮ್ಮೆ ಪುಸ್.

“ಚಾರ್ಜ್ ನಿಂತ್ಕತಿಲ್ಲ,” ಎಂದರು ಚಿಕ್ಕಬೈರಪ್ಪ ಸಮಾಧಾನದಿಂದ. “ಕರೆಂಟ್ ಇಲ್ವಲ್ಲ, ಅದಕ್ಕೇ.”

ನನಗೆ ರೇಗಿಹೋಯಿತು. ನನ್ನ ಗಂಡ ಪೈಪು ಬಿಚ್ಚುತ್ತಿದ್ದುದು ಮೆಲ್ಲಮೆಲ್ಲಗೆ, ಮದುಮಗಳಿಗೆ ಬಳೆ ತೊಡಿಸಿದ ಹಾಗೆ. “ಸರೀರಿ ಆಕಡೆ,” ಎಂದೆ. “ಬೇಕಾಗಿದ್ದಕ್ಕಿಂತ ಒಂಚೂರು ಜಾಸ್ತಿನೇ ತುಂಬಿ. ಬಿಚ್ಚೋದು ನನಗೆ ಬಿಡಿ.” ದಿನಾ ಸುಡುವ ಕುಕ್ಕರಿನಿಂದ ವೇಯ್ಟು ಕೀಳುವ ಕೈ ನನ್ನದು. ಅವರು ತುಂಬಿದರು. ನಾನು ಮಣಿಕಟ್ಟು ತಿರುಗಿಸಿ ಸರ್ರನೆ ಬಿಚ್ಚಿದೆ. ಪುಸ್ ಎನ್ನಲು ಹೊರಟದ್ದು ಪು ಎಂದು ನಿಂತಿತು.

ರುದ್ರೇಶ್ ಎರಡೂ ಕೈಯಿಂದ ಸರಳನ್ನು ಒತ್ತಿ ಬಿಟ್ಟರು. ಅದು ನಿಧಾನವಾಗಿ, ಯಾರ ಹಂಗೂ ಇಲ್ಲದೆ, ತಾನೇ ಮೇಲೆದ್ದಿತು.

ಚಿಕ್ಕಬೈರಪ್ಪನವರು ಕುಕ್ಕರಗಾಲಲ್ಲಿ ಕೂತು ತಾವೂ ಒತ್ತಿ ನೋಡಿದರು. ಮತ್ತೆ ಎದ್ದಿತು. ಫ್ಯೂಸು ಅವರ ಎಡಗೈಯಲ್ಲೇ ಇತ್ತು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಸಾರ್, ಈ ಎಡಗಾಲು ಮಂಡಿ ಕೂತ್ರೆ ಏಳಾಕಿಲ್ಲ ಅಂತದೆ. ಶಾಕ್ ಕೊಡುಸ್ಬೇಕು ಅಂತ ಡಾಕ್ಟ್ರು ಅಂದವ್ರೆ. ನಾನು ಕರೆಂಟಿಂದು ಅಂತ ಎದ್ರುಕೊಂಡು ಓಗೇ ಇಲ್ಲ. ಅದೂವೆ ಇದೇ ಗ್ಯಾಸಾ?”

ನಗು ತಡೆಯಲು ನಾನು ಸೆರಗು ಬಾಯಿಗಿಟ್ಟುಕೊಂಡೆ. ಆದರೆ ಅವರ ಮುಖ ನೋಡಿ ಪಾಪ ಅನ್ನಿಸಿತು. ಅದು ಬೇರೆ ಶಾಕು, ಜುಮ್ಮೆನ್ನುತ್ತೆ ಅಷ್ಟೇ, ನಾನೇ ಜೀಪಲ್ಲಿ ಕರ್ಕೊಂಡ್ ಹೋಗ್ತೀನಿ ಎಂದರು ರುದ್ರೇಶ್.

ಅಷ್ಟರಲ್ಲಿ ಭದ್ರಮ್ಮನವರು ಹಿಟ್ಟಿನ ಕೈಯಲ್ಲೇ, ಕೆಇಬಿಯವರನ್ನು ಬೈಯುತ್ತ ಹೊರಗೆ ಬಂದರು. “ಅಕ್ಕಿ ಅರ್ಧಕ್ಕೇ ನಿಂತೋಯ್ತು, ಆಳಾದೋರು ಯಾವಾಗ್ ನೋಡುದ್ರೂ…” ಗಂಡನ ಕೈಯಲ್ಲಿದ್ದ ಫ್ಯೂಸು ಕಣ್ಣಿಗೆ ಬಿತ್ತು.

ಚಿಕ್ಕಬೈರಪ್ಪನವರು ಏಳಲು ನೋಡಿದರು. ಆಗಲಿಲ್ಲ. ಭದ್ರಮ್ಮನವರು ಹಿಟ್ಟಿನ ಕೈಯನ್ನೇ ಅವರ ಕಂಕುಳಿಗೆ ಕೊಟ್ಟು, “ಏಳಿ ಮ್ಯಾಕೆ, ನಾ ಮಾಡ್ತೀನಿ ಚಾರ್ಜು,” ಎಂದರು. ಅವರು ನಿಧಾನವಾಗಿ, ಆ ಸರಳಿನ ಹಾಗೆಯೇ, ಮೇಲೆದ್ದರು.

ಹೋಗುವಾಗ ಚಿಕ್ಕಬೈರಪ್ಪನವರು ತಿರುಗಿ ನನಗೆ ಹೇಳಿದರು: “ಇರೋಗಂಟ ಇರಿ ಸೌಮ್ಯಮ್ಮ. ಶಾಕ್ ಎಷ್ಟಾರ ಚಾರ್ಜ್ ಮಾಡ್ಕಳಿ. ಇಸ್ತ್ರಿ ಪೆಟ್ಗೆ ಮಾತ್ರ ಬ್ಯಾಡ.”