ಹಗೇವಿನ ಬಾಯಿಕಲ್ಲು

"...ಕಲ್ಲು ಎತ್ತಿ ನೋಡಿದ್ರ, ನಮ್ಮ ಸಿಪಾಯಿ ಮುತ್ಯಾ ಹೆದರಿ ಉಚ್ಚಿ ಹೊಯ್ಕೊಂಡು, ಅದೇ ತೊಯ್ದ ರುಮಾಲು ಮಾರಿಗೆ ಒತ್ಕೊಂಡು ಕುಂತಾನ. ನಾಚಿಕಿಗೆ ಮಾರಿ ಮುಚ್ಕೊಂಡಾನ ನೋಡಪಾ."

ವೈಜನಾಥ ಕಥೆ ಮುಗಿಸಿ ಎಂದಿನಂತೆ ತೊಡೆ ತಟ್ಟಿಕೊಂಡ. ಜೆಸಿಬಿಯ ಮೇಲೆ ಕುಳಿತಿದ್ದ ಮಹೆಬೂಬ ಬಿದ್ದು ಬಿದ್ದು ನಕ್ಕ. ಚಹಾದ ಕಪ್ಪು ಹಿಡಿದು ಬಂದ ರುಕ್ಮಿಣಿಬಾಯಿಯೂ ನಕ್ಕಳು. ಮದುವೆಯಾಗಿ ಬಂದ ದಿನದಿಂದ ಗಂಡನ ಬಾಯಲ್ಲಿ ಈ ಕಥೆ ಕೇಳಿದ್ದರೂ ನಗು ಬರದೆ ಇರುತ್ತಿರಲಿಲ್ಲ.

ಮೋರಖಂಡಿ ಊರಿನ ಅವರ ಮನೆಯಂಗಳದಲ್ಲಿ ಅವತ್ತು ಕಾಳು ತುಂಬಿಡುವ ನೆಲದಡಿಯ ಹಗೇವು ಮುಚ್ಚುವ ಕೆಲಸವಿತ್ತು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಮೂವತ್ತು ಚೀಲ ಜೋಳ ಹಿಡಿಯುವಷ್ಟು. ನಲವತ್ತು ವರ್ಷದಿಂದ ಅದರಲ್ಲಿ ಕಾಳು ಬಿದ್ದಿರಲಿಲ್ಲ. ಅದರ ಮೇಲೆ ಈಗ ಮಗನಿಗೊಂದು ಖೋಲಿ ಏಳಬೇಕಿತ್ತು. ಬಾಯಿಕಲ್ಲನ್ನು ಬೆಳಿಗ್ಗೆಯೇ ಸರಿಸಿ ಪಕ್ಕದ ಗೋಡೆಗೆ ಒರಗಿಸಿದ್ದರು.

ಕಥೆಯ ಸಿಪಾಯಿ ಮುತ್ಯಾ ರಾಣೋಬಾ, ವೈಜನಾಥನ ಅಜ್ಜ. ಹಗೇವು ತೋಡುವುದರಲ್ಲಿ ಆ ಮನೆತನವನ್ನು ಸರಿಗಟ್ಟುವವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಹದಿನೆಂಟಕ್ಕೆ ಸೋಲಾಪುರಕ್ಕೆ ನಡೆದು ಹೋಗಿ ಫೌಜಿನ ಗುದ್ದಲಿ ಪಲ್ಟನ್ ಸೇರಿದ. ಮೊದಲ ಮಹಾಯುದ್ಧಕ್ಕೆ ಹಡಗು ಹತ್ತಿ ಫ್ರಾನ್ಸಿಗೆ ಹೋಗಿ ಕಂದಕ ತೋಡಿ ಬಂದ. ಅಲ್ಲಿ ಏನು ಕಂಡೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಊರವರು ಹಗೇವು ತೆರೆಯುವಾಗ ಮಾತ್ರ ಅವನನ್ನೇ ಕರೆಯುತ್ತಿದ್ದರು. ಮುಂಜಾನೆ ಕಲ್ಲು ತೆಗೆದು, ಮಧ್ಯಾಹ್ನದ ತನಕ ಕಾದು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ಒಳಗಿನ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ. ಆರದಿದ್ದರೆ ಮಾತ್ರ ಇಳಿಯುತ್ತಿದ್ದ. ಅರವತ್ತು ದಾಟಿದ ಮೇಲೆ ಒಮ್ಮೆ ಹಾಗೆ ಇದೇ ಹಗೇವಿಗೆ ಇಳಿದು ಜೋಳ ತುಂಬುವಾಗ ಬಾಯಿಕಲ್ಲು ಬಿದ್ದು ಬಾಯಿ ಮುಚ್ಚಿತು. ಗಂಟೆ ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ವೈಜನಾಥನಿಗೆ ಆಗ ಹತ್ತು ವರ್ಷ.

"ಮುತ್ಯಾ," ಎಂದಳು ಸ್ನೇಹಲ್. ವೈಜನಾಥನ ಮಗನ ಮಗಳು, ಹುಮನಾಬಾದದಲ್ಲಿ ಬಿ.ಎಡ್. ಓದುತ್ತಿದ್ದವಳು ಸೂಟಿಗೆಂದು ಬಂದಿದ್ದಳು. ಅವಳೊಬ್ಬಳೇ ನಕ್ಕಿರಲಿಲ್ಲ. "ಅವ್ರು ರುಮಾಲು ಎಲ್ಲಿ ಹಿಡ್ದಿದ್ರು? ಕಣ್ಣಿಗೋ, ಮೂಗಿಗೋ?"

"ಮೂಗು, ಬಾಯಿಗೆ. ಯಾಕ?"

"ಕಣ್ಣು?"

"ಕಣ್ಣು ತೆರದೇ ಇದ್ವು."

"ನಾಚಿಕಿ ಆದವ್ರು ಕಣ್ಣು ಮುಚ್ಕೋತಾರ, ಮುತ್ಯಾ. ಹೋದ ವಾರ ಸಾಲಿ ಹುಡುಗರಿಗೆ ಆ ಯುದ್ಧದ ಪಾಠ ಮಾಡ್ದೆ. ಅಲ್ಲಿ ಮೊದಲ ಸಲ ವಿಷದ ಗಾಳಿ ಬಿಟ್ರಂತ. ಆವಾಗ ಸಿಪಾಯಿಗಳ ಹತ್ರ ಏನೂ ಇರಲಿಲ್ಲ. ಅರಿವಿ ಮ್ಯಾಲ ಉಚ್ಚಿ ಹೊಯ್ದು ಮೂಗಿಗೆ ಒತ್ಕೋರಿ ಅಂತ ಅವ್ರಿಗೆ ಹೇಳಿದ್ರಂತ. ಹಂಗ ಮಾಡಿದವ್ರು ಕೆಲವ್ರು ಉಳದ್ರು. ಅವ್ರು ಹೆದರಿ ಹೊಯ್ಕೊಂಡಿಲ್ಲ. ಕಲ್ಲು ಬಿದ್ದು ಕತ್ತಲಾದಾಗ ಅಲ್ಲಿ ಕಲ್ತದ್ದು ಮಾಡ್ಯಾರ."

ಮಹೆಬೂಬನ ನಗು ಬಾಯಲ್ಲೇ ಉಳಿಯಿತು. ವೈಜನಾಥ ಚಹಾ ಕುಡಿಯಲು ಹೋಗಿ ಕಪ್ಪನ್ನು ಕೆಳಗಿಟ್ಟ. ಮದುವೆ ಮನೆಗಳಲ್ಲಿ, ಬೀಗರ ಮುಂದೆ, ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ, ಎಲ್ಲೆಲ್ಲಿ ಈ ಕಥೆ ಹೇಳಿ ನಗಿಸಿಲ್ಲ ತಾನು? ಅರವತ್ತು ವರ್ಷದ ಆ ನಗು ಒಮ್ಮೆಲೇ ಬಂದು ಎದೆಯ ಮೇಲೆ ಕುಳಿತಿತು. ಇನ್ನು ಬಚ್ಚಿಟ್ಟುಕೊಳ್ಳಲು ಅವನಿಗೆ ಶಕ್ತಿ ಇರಲಿಲ್ಲ.

"ಕಲ್ಲು ತಾನಾಗಿ ಬಿದ್ದಿಲ್ಲವ್ವಾ," ಎಂದ. "ನಾ ದಬ್ಬಿದೆ. ಮಜಾಕಿಗೆ. ಆಮ್ಯಾಲ ಎತ್ತಾಕ ಆಗಲಿಲ್ಲ. ಬಡಿತಾರಂತ ಹೋಗಿ ಬಣವಿ ಹಿಂದ ಕುಂತೆ."

"ಏನಂದ್ರಿ?" ಎಂದಳು ರುಕ್ಮಿಣಿಬಾಯಿ. ಐವತ್ತು ವರ್ಷದ ಸಂಸಾರದಲ್ಲಿ ಈ ಮಾತನ್ನು ಅವಳು ಕೇಳಿರಲಿಲ್ಲ.

"ಕೇಳು, ಇನ್ನೂ ಐತಿ. ರುಮಾಲು ಹರದು ಎರಡು ತುಂಡು ಮಾಡಿದ್ದ. ಮಂದಿ ಮ್ಯಾಲೆತ್ತಿದ ಕೂಡ್ಲೆ ಒಂದು ತುಂಡು ಮೂಗಿಗೆ ಹಿಡ್ಕೊಂಡೇ ನನ್ನ ಹುಡುಕ್ಯಾಡಿದ. ಬಣವಿ ಹಿಂದ ಬಂದು ಇನ್ನೊಂದು ತುಂಡು ನನ್ನ ಮಾರಿಗೆ ಒತ್ತಿದ. ಅದೂ ತೊಯ್ದಿತ್ತು. 'ಇದರಾಗ ಉಸುರು ತಗೋ ಮಗಾ, ಬಿಡಬ್ಯಾಡ, ಬಿಡಬ್ಯಾಡ' ಅಂತಿದ್ದ. ನಾ ಅವನ ಕೈ ಕಚ್ಚಿ ಓಡಿದೆ. ಊರ ಮಂದಿ ಎಲ್ಲಾ ನನ್ನ ನೋಡಿ ನಕ್ರು. ಆ ಸಿಟ್ಟಿಗೆ ನಾ ಮುತ್ಯಾನ ಕಥಿ ಕಟ್ಟಿ ಹೇಳಾಕ ಹತ್ತಿದೆ."

ಮುಂದಿನದನ್ನು ಅವನು ಹಗೇವಿನ ಬಾಯಿ ನೋಡುತ್ತ ಹೇಳಿದ. ಮುತ್ಯಾನಿಗೆ ತಲೆ ಕೆಟ್ಟಿದೆ ಎಂದು ಮನೆಯವರು ಕೊಟ್ಟಿಗೆಯಲ್ಲಿ ಹಾಸಿಗೆ ಹಾಕಿದರು, ಮಕ್ಕಳನ್ನು ಅತ್ತ ಬಿಡಲಿಲ್ಲ. ಎರಡು ವರ್ಷ ಅಲ್ಲೇ ಇದ್ದ. ಸಾಯುವ ದಿನ ವೈಜ್ಯಾ ಎಲ್ಲಿ ಎಂದು ಕೇಳುತ್ತಿದ್ದ. ವೈಜನಾಥ ಬಾಗಿಲ ತನಕ ಹೋಗಿ, ಮೂಗು ಮುಚ್ಚಿಕೊಂಡು ಹಿಂದೆ ಬಂದಿದ್ದ.

ಮಣ್ಣಿನ ಗುಡ್ಡೆ ಹಗೇವಿನ ಬಾಯಿಯ ಪಕ್ಕದಲ್ಲೇ ಕಾದಿತ್ತು.

"ಕಾಕಾ, ಮಣ್ಣು ದಬ್ಲೇನ್ರಿ?" ಎಂದ ಮಹೆಬೂಬ, ಮೆಲ್ಲಗೆ.

"ತಡಿಯಪಾ. ಸ್ನೇಹಲ್, ಅಟ್ಟದ ಮ್ಯಾಲ ಹಳೇ ಕಂದೀಲು ಐತಿ, ತಗೊಂಡು ಬಾ."

"ಈ ವಯಸ್ಸಿನಾಗ ಒಳಗ ಇಳಿತೀರೇನು?" ಎಂದು ರುಕ್ಮಿಣಿಬಾಯಿ ಗಾಬರಿಯಾದಳು.

"ಇಳ್ಯಾಂಗಿಲ್ಲ."

ಕಂದೀಲಿಗೆ ಎಣ್ಣೆ ಹಾಕಿ ಹಚ್ಚಿ, ಹಗ್ಗ ಕಟ್ಟಿ, ವೈಜನಾಥ ಹಗೇವಿನ ಬಾಯಿಗೆ ಮೊಣಕಾಲೂರಿ ಕುಳಿತ. ದೀಪ ಗೋಡೆಯ ಗುದ್ದಲಿ ಗುರುತುಗಳನ್ನು ಒಂದೊಂದಾಗಿ ತೋರಿಸುತ್ತ ಇಳಿಯಿತು. ಮಹೆಬೂಬ ಜೆಸಿಬಿಯಿಂದ ಕೆಳಗಿಳಿದು ಬಂದು, ಯಾರೂ ಹೇಳದೆಯೇ, ಗೋಡೆಗೆ ಒರಗಿಸಿದ್ದ ಬಾಯಿಕಲ್ಲನ್ನು ಬೀಳದ ಹಾಗೆ ಎರಡೂ ಕೈಯಿಂದ ಹಿಡಿದು ನಿಂತ. ತಳ ಮುಟ್ಟಿದ ದೀಪ ಆರಲಿಲ್ಲ. ವೈಜನಾಥ ಹಗ್ಗವನ್ನು ಹಾಗೇ ಹಿಡಿದು ಕುಳಿತಿದ್ದ.