ತರಗತಿ ವಾರ್ತೆಯಲ್ಲಿ ಅಜ್ಜಿ

ಊಟದ ಮೇಜಿನ ಒಂದು ತುದಿಯಲ್ಲಿ ಅಜ್ಜಿ ಒಣಗಿದ ಬಟ್ಟೆ ಮಡಿಸುತ್ತಿದ್ದರೆ, ಇನ್ನೊಂದು ತುದಿಯಲ್ಲಿ ಮೊಮ್ಮಗಳು ಪೆನ್ನು ಕಚ್ಚುತ್ತ ಕೂತಿದ್ದಳು. ಏಳನೇ ತರಗತಿಯ ಈ ಹುಡುಗಿಗೆ ಮನೆಯಲ್ಲಿ ಪಿಟೀಲು ಅಂತಲೇ ಹೆಸರು. ಒಂದು ಪ್ರಶ್ನೆ ಹಿಡಿದರೆ ಉತ್ತರ ಸಿಗುವತನಕ ಕುಯ್ಯುತ್ತಲೇ ಇರುತ್ತಾಳೆಂದು ಅಜ್ಜಿಯೇ ಇಟ್ಟ ಹೆಸರು ಅದು. ಮಹಡಿಯ ಮನೆಯ ಹುಡುಗ ಅದನ್ನು ಶಾಲೆಗೂ ಹೊತ್ತುಕೊಂಡು ಹೋಗಿದ್ದ.

ಅವಳ ತರಗತಿಗೆ ಇಂಗ್ಲಿಷ್, ಇತಿಹಾಸ ಎರಡನ್ನೂ ಕಲಿಸುವವರು ಒಬ್ಬರೇ ಟೀಚರ್. ಈ ಸಲ ಅವರು ಎರಡಕ್ಕೂ ಸೇರಿಸಿ ಒಂದೇ ಅಸೈನ್‌ಮೆಂಟ್ ಕೊಟ್ಟಿದ್ದರು: ಮನೆಯ ಹಿರಿಯರನ್ನು ಕೇಳಿ, ಅವರ ಬದುಕಿನ ಒಂದು ಘಟನೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು.

"ನನ್ನದೇನಿದೆ ಮಣ್ಣು ಇತಿಹಾಸ?" ಅಂದಳು ಅಜ್ಜಿ. "ಆಸ್ಪತ್ರೆ ಬಟ್ಟೆ ಒಗೆದೆ, ನಿಮ್ಮಪ್ಪನ್ನ ಓದಿಸಿದೆ. ಮುಗೀತು."

"ಹೇಗೆ ಒಗೀತಿದ್ದೆ? ಅದನ್ನೇ ಹೇಳು."

ಶುರುವಾದದ್ದು ಹಾಗೆ. ದೊಡ್ಡಾಸ್ಪತ್ರೆಯ ನೆಲಮಾಳಿಗೆ, ಹಬೆಯಲ್ಲಿ ಎದುರಿಗಿದ್ದವರ ಮುಖ ಕಾಣದ ಕೋಣೆ, ರಕ್ತದ ಕಲೆ ಇದ್ದ ಹಾಸಿಗೆ ಬಟ್ಟೆಯನ್ನು ಮೊದಲು ತಣ್ಣೀರಿಗೇ ಹಾಕಬೇಕಿದ್ದ ಲೆಕ್ಕ. ಆಮೇಲೆ ಬ್ಲೀಚಿಂಗ್ ಪುಡಿ. ಬರಿಗೈಯಲ್ಲಿ ಕಲಸಿ ಕಲಸಿ ಹೆಂಗಸರ ಬೆರಳೆಲ್ಲ ಬಿರಿದು, ಮನೆಗೆ ಬಂದರೆ ರವಿಕೆಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲವಂತೆ. ಕೈಗವಸು ಕೊಡಿ ಎಂದು ಕೇಳಿದಾಗಲೆಲ್ಲ ಮೇಲಿನವರು ನೋಡೋಣ ಅಂದರಂತೆ. ಕಡೆಗೊಂದು ಬೆಳಿಗ್ಗೆ ಹೆಂಗಸರೆಲ್ಲ ಕೊಳೆಬಟ್ಟೆಯ ರಾಶಿಯ ಮೇಲೆ ಹತ್ತಿ ಕೂತುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಆಪರೇಷನ್ ಕೋಣೆಗೆ ಹಾಸಲು ಒಂದು ಬಟ್ಟೆಯೂ ಉಳಿಯಲಿಲ್ಲ. ಎಂದೂ ನೆಲಮಾಳಿಗೆಗೆ ಕಾಲಿಡದ ದೊಡ್ಡ ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಇಳಿದು ಬಂದರು.

"ಅವರ ಹತ್ರ ಮಾತಾಡಿದ್ದು ಯಾರು?"

"ಇನ್ಯಾರು? ನನ್ನ ಬಾಯಿ ಸುಮ್ನಿರತ್ತಾ? 'ಸಾರ್, ಒಂದೇ ಒಂದು ಸಲ ಇದ್ರೊಳಗೆ ನಿಮ್ಮ ಕೈ ಅದ್ದಿ ನೋಡಿ' ಅಂದೆ. ಸಂಜೆಯೊಳಗೆ ಕೈಗವಸು ಬಂತು."

ಪಿಟೀಲು ಅದನ್ನೆಲ್ಲ ತನಗೆ ಬಂದ ಇಂಗ್ಲಿಷಿನಲ್ಲಿ ಗುದ್ದಾಡಿ ಬರೆದಳು. 'ಹಬೆ'ಗೆ ಪದ ಸಿಗದೆ 'ಬಿಸಿನೀರಿನ ಹೊಗೆ' ಅಂತ ಬರೆದಳು. ಟೈಪ್ ಮಾಡಿ ಕಳಿಸಬೇಕೆಂದು ಟೀಚರ್ ಹೇಳಿದ್ದರಿಂದ ಹಾಳೆಯನ್ನು ಅಪ್ಪನ ಕೈಗೆ ಕೊಟ್ಟಳು. ಅಪ್ಪ ವಿಮಾ ಕಚೇರಿಯಲ್ಲಿ ಅಧಿಕಾರಿ. ಅವರ ಇಂಗ್ಲಿಷೆಂದರೆ ಮನೆಮಂದಿಗೆಲ್ಲ ಹೆಮ್ಮೆ.

"ಸ್ಪೆಲ್ಲಿಂಗ್ ಅಷ್ಟೇ ನೋಡಪ್ಪ, ಬೇರೇನೂ ಮುಟ್ಟಬೇಡ."

"ಆಯ್ತು ಮಾರಾಯ್ತಿ, ನೀನು ಹೋಗಿ ಆಡ್ಕೋ," ಅಂದರು ಅಪ್ಪ.

ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಟೀಚರ್ 'ತರಗತಿ ವಾರ್ತೆ' ಓದುವುದು ವಾಡಿಕೆ. ಮುಂದಿನ ವಾರದ ಪರೀಕ್ಷೆ, ಯಾರದೋ ಕಳೆದುಹೋದ ನೀರಿನ ಬಾಟಲಿ, ಓಟದ ಸ್ಪರ್ಧೆಯಲ್ಲಿ ಗೆದ್ದವರು, ಕೊನೆಗೆ ವಾರದ ಅತ್ಯುತ್ತಮ ಬರಹ. ಅದೇ ಹಾಳೆ ತಂದೆತಾಯಿಯರ ಗುಂಪಿಗೂ ಹೋಗುತ್ತದೆ, ಎಲ್ಲರ ಫೋನಿಗೂ.

"ಈ ವಾರದ ಬರಹ ನಮ್ಮ ಪಿಟೀಲಿನದು," ಎಂದು ಟೀಚರ್ ಓದತೊಡಗಿದರು.

ಹುಡುಗಿಯ ಎದೆ ಹಿಗ್ಗಿತು. ಮೊದಲ ಸಾಲು ಮುಗಿಯುವಷ್ಟರಲ್ಲಿ ಕಿವಿ ನೆಟ್ಟಗಾಯಿತು. ಟೀಚರ್ ತಪ್ಪಿ ಬೇರೆ ಯಾರದೋ ಹಾಳೆ ತೆಗೆದುಕೊಂಡಿರಬೇಕು. ಇದರಲ್ಲಿ ನೆಲಮಾಳಿಗೆಯಿಲ್ಲ, ಬ್ಲೀಚಿಂಗ್ ಪುಡಿಯಿಲ್ಲ. 'ನನ್ನ ಅಜ್ಜಿ ನಗರದ ಹೆಸರಾಂತ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. ಬಿಳಿಯ ಉಡುಪಿನಲ್ಲಿ ಅವರು ವಾರ್ಡಿಗೆ ಬಂದರೆ ರೋಗಿಗಳ ಅರ್ಧ ನೋವು ಮಾಯವಾಗುತ್ತಿತ್ತು...' ಪಿಟೀಲಿಗೆ ಕೆಲವು ಪದಗಳ ಅರ್ಥವೇ ಆಗಲಿಲ್ಲ. ತನ್ನದೆನ್ನುವ ಬರಹದ ಅರ್ಥ ತನಗೇ ಗೊತ್ತಿಲ್ಲ! ಸುತ್ತಲೂ ಚಪ್ಪಾಳೆ ಬಿತ್ತು. ಅಂತರಶಾಲಾ ಸಂಚಿಕೆಗೂ ಇದನ್ನೇ ಕಳಿಸುವುದಾಗಿ ಟೀಚರ್ ಹೇಳಿದರು. ಅವಳು ತಲೆ ತಗ್ಗಿಸಿ ಬೆಂಚಿನ ಮೇಲಿನ ಗೀಚನ್ನೇ ನೋಡುತ್ತ ಕೂತಳು. ನಾಚಿಕೆ ಪಾಪ, ಅಂದುಕೊಂಡರು ಎಲ್ಲರೂ.

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಹಡಿಯ ಮನೆಯಾಕೆ ಅಜ್ಜಿಯ ಎದುರು ಕೂತಿದ್ದಳು, ತೊಡೆಯ ಮೇಲೊಂದು ಔಷಧಿ ಚೀಲ.

"ಅಲ್ಲ ಅಜ್ಜಿ, ನೀವು ನರ್ಸಂತೆ! ಇಷ್ಟು ವರ್ಷ ಬಾಯಿ ಬಿಟ್ರಾ ಒಂದ್ಸಲನಾದ್ರೂ? ನಮ್ಮನೆಯವ್ರಿಗೆ ದಿನಾ ಇಂಜೆಕ್ಷನ್ ಆಗ್ಬೇಕು ನೋಡಿ. ಕ್ಲಿನಿಕ್ಕಿಗೆ ಅಲೆದೂ ಅಲೆದೂ ಸಾಕಾಗಿದೆ. ನೀವೇ ಒಂದು ಚುಚ್ಚಿಬಿಟ್ರೆ ಪುಣ್ಯ ಬರತ್ತೆ."

"ಯಾರಮ್ಮಾ ಹಾಗಂದಿದ್ದು?"

"ನಿಮ್ಮ ಮೊಮ್ಮಗಳೇ ಬರೆದಿದಾಳಲ್ಲ! ನಮ್ಮ ಹುಡುಗ ಪೂರ್ತಿ ಓದಿ ಅರ್ಥ ಹೇಳಿದ."

ಅಜ್ಜಿ ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು ನೋಡಿದಳು. ಬೈಯಲಿಲ್ಲ. "ಈಗ ಕೈ ನಡುಗತ್ತೆ ತಾಯಿ, ನನ್ನ ಕೈಲಾಗಲ್ಲ," ಎಂದು ಆಕೆಯನ್ನು ಸಾಗಹಾಕಿದಳು. ನಿಜ ಹೇಳಿದರೆ ಮೊಮ್ಮಗಳು ಸುಳ್ಳುಗಾತಿಯಾಗುತ್ತಾಳೆ. ಅದಕ್ಕೇ ಆ ಮುದುಕಿ, ಜನ್ಮದಲ್ಲಿ ಹೇಳದ ಸುಳ್ಳೊಂದನ್ನು ತಾನೇ ಹೇಳಿಬಿಟ್ಟಳು.

ಆಕೆ ಮೆಟ್ಟಿಲೇರಿದ ಮೇಲೆ ಅಜ್ಜಿ ಕೇಳಿದ್ದು ಇಷ್ಟೇ: "ನಾನು ಹೇಳಿದ್ದು ನಿನಗೆ ಸಾಲ್ದಾಯ್ತೇನೇ?"

"ಅಜ್ಜೀ, ನಾನಲ್ಲ. ದೇವರಾಣೆ ನಾನು ಹಾಗೆ ಬರೀಲಿಲ್ಲ."

"ಬರೀದೆ ಇದ್ರೆ ತಾನಾಗೇ ಆಯ್ತಾ?" ಅಜ್ಜಿ ಎದ್ದು ಒಳಗೆ ಹೋದಳು.

ಅಪ್ಪ ಬಂದಾಗ ಅಮ್ಮ ಅಡುಗೆಮನೆಯಲ್ಲಿದ್ದಳು. ಅಪ್ಪನಿಗೆ ಚಪ್ಪಲಿ ಬಿಡಲೂ ಬಿಡದೆ ಪಿಟೀಲು ಅಡ್ಡ ನಿಂತಳು.

"ಯಾಕಪ್ಪ ಹೀಗ್ಮಾಡಿದೆ? ಬರೀ ಸ್ಪೆಲ್ಲಿಂಗ್ ನೋಡು ಅಂದಿದ್ದೆ."

"ಮೆಲ್ಲಗೆ ಮಾತಾಡು. ಫಸ್ಟ್ ಬಂತೋ ಇಲ್ವೋ?"

"ಅಜ್ಜಿ ನರ್ಸಲ್ಲ."

"ಒಂದೇ ಆಸ್ಪತ್ರೆ ತಾನೆ? ಪದ ಒಂದು ಆಚೆ ಈಚೆ ಆದ್ರೆ ಯಾರ ಗಂಟೇನು ಹೋಯ್ತು?" ಮಗಳ ಮುಖ ನೋಡಿ ಅಪ್ಪ ದನಿ ಇಳಿಸಿದರು. "ಕೇಳಿಲ್ಲಿ. ಸ್ಕೂಲಲ್ಲಿ ನನ್ನನ್ನ ಏನಂತ ಕರೀತಿದ್ರು ಗೊತ್ತಾ? ಸೋಪು. ನನ್ನ ಅಂಗಿಯಿಂದ ಆಸ್ಪತ್ರೆ ವಾಸನೆ ಬರ್ತಿತ್ತಂತೆ. ಪಕ್ಕ ಯಾರೂ ಕೂರ್ತಿರ್ಲಿಲ್ಲ. ನನ್ನ ಆಫೀಸಿನ ಅರ್ಧ ಜನರ ಮಕ್ಕಳು ನಿನ್ನ ಕ್ಲಾಸಲ್ಲೇ ಇದಾರೆ. ನಾಳೆ ನಿನಗೂ ಅದೇ ಆಗೋದು ಬೇಡ ಅಂತ ಮಾಡಿದೆ. ನಿನ್ನ ಒಳ್ಳೇದಕ್ಕೇ ಮಾಡಿದೆ."

"ಅಜ್ಜಿ ನಾನೇ ಬರ್ದಿದ್ದು ಅಂದ್ಕೊಂಡಿದಾಳೆ. ನೀನು ಹೋಗಿ ಹೇಳು."

ಅಪ್ಪ ಚೀಲ ಕೆಳಗಿಟ್ಟರು. ಅಜ್ಜಿಯ ಕೋಣೆಯ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದರು. "ಸ್ವಲ್ಪ ದಿನ ಹೋಗ್ಲಿ. ಅವಳಿಗೂ ಮರೆತುಹೋಗತ್ತೆ."

ಅಪ್ಪನಿಗೆ ಭಯವೆಂಬುದು ಇದೆಯೆಂದು ಪಿಟೀಲಿಗೆ ಆವತ್ತೇ ಗೊತ್ತಾದದ್ದು. ಅದು ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಸೈಕಲ್ ಕಲಿಸುವಾಗ ಹಿಂದಿನಿಂದ ಹಿಡಿದುಕೊಂಡಿದ್ದೇನೆ ಎಂದು ಹೇಳಿ ಕೈಬಿಟ್ಟಾಗಲೂ ಅವಳಿಗೆ ಸಿಟ್ಟು ಬಂದಿರಲಿಲ್ಲ. ಅದು ಆಟ. ಇಲ್ಲಿ ಅವಳ ಹಾಳೆಯನ್ನು ಪಡೆದುಕೊಂಡು, ಅವಳ ಹೆಸರಿನಲ್ಲಿ, ಅವಳದೇ ಅಜ್ಜಿಯನ್ನು ಅಳಿಸಿಹಾಕಿದ್ದರು.

ಸೋಮವಾರ ಶಾಲೆಯ ಗಂಟೆ ಹೊಡೆಯುವ ಮೊದಲೇ ಅವಳು ಟೀಚರ್ ಕೋಣೆಗೆ ಹೋದಳು.

"ಮಿಸ್, ಅದು ನಾನು ಬರೆದಿದ್ದಲ್ಲ. ಅದ್ರಲ್ಲಿರೋದು ನಿಜಾನೂ ಅಲ್ಲ. ತೆಗೆದುಬಿಡಿ."

ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಇಂಗ್ಲಿಷ್ ಏಳನೇ ತರಗತಿಯದಲ್ಲವೆಂಬ ಗುಮಾನಿ ಅವರಿಗೂ ಬಂದಿತ್ತು. ಆದರೆ ವಾರ್ತೆಯಲ್ಲಿ ಚೆನ್ನಾಗಿ ಕಾಣುತ್ತದಲ್ಲ ಎಂದು ಸುಮ್ಮನಾಗಿದ್ದರು. "ಸಂಚಿಕೆಯಿಂದಲೂ ಹೋಗತ್ತೆ. ಯೋಚಿಸಿದೀಯಾ?"

"ಹೋಗ್ಲಿ ಮಿಸ್."

"ಬರೆದಿದ್ದು ಯಾರು?"

ಪಿಟೀಲು ಹೇಳಿಬಿಡಬೇಕೆಂದೇ ಮನೆಯಿಂದ ಹೊರಟಿದ್ದಳು. ಆದರೆ ಆ ಹೆಸರು ತುಟಿಗೆ ಬಂದಾಗ, ಪಕ್ಕದಲ್ಲಿ ಯಾರೂ ಕೂರದ ಬೆಂಚಿನ ಮೇಲೆ ಒಬ್ಬನೇ ಕೂತ ಹುಡುಗನೊಬ್ಬ ಕಣ್ಣಿಗೆ ಕಟ್ಟಿದ. "ಅದು ಬೇಡ ಮಿಸ್. ನನ್ನದಲ್ಲ ಅಂತಷ್ಟೇ ಹಾಕಿ."

"ಹಾಗೆ ಹಾಕಿದ್ರೆ ನೀನು ಕಾಪಿ ಹೊಡೆದೆ ಅಂದ್ಕೋತಾರೆ."

"ಅಂದ್ಕೊಳ್ಳಲಿ."

ಟೀಚರ್ ಅವಳಿಗೊಂದು ಖಾಲಿ ಹಾಳೆ ಕೊಟ್ಟು ಅಲ್ಲೇ ಕೂರಿಸಿದರು. ಅವಳು ಕೈಯಲ್ಲೇ ಮತ್ತೊಮ್ಮೆ ಬರೆದಳು.

ಮುಂದಿನ ಶುಕ್ರವಾರದ ವಾರ್ತೆಯಲ್ಲಿ ಒಂದು ಸಾಲಿತ್ತು: 'ಹಿಂದಿನ ವಾರದ ಬರಹ ವಿದ್ಯಾರ್ಥಿನಿಯ ಸ್ವಂತದ್ದಲ್ಲವಾದ್ದರಿಂದ ಹಿಂತೆಗೆದುಕೊಳ್ಳಲಾಗಿದೆ.' ಅವಳ ಹೊಸ ಬರಹ ಅದರ ಕೆಳಗೇ ಇತ್ತು. ಅದನ್ನು ಓದುವ ತಾಳ್ಮೆ ಯಾರಿಗಿತ್ತು? ಹಿಂದಿನ ಬೆಂಚಿನಿಂದ ಯಾರೋ 'ಕಾಪಿ ಪಿಟೀಲು' ಅಂದರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಮಹಡಿಯ ಮನೆಯ ಹುಡುಗ ಕೂಡ ಆವತ್ತು ಅವಳನ್ನು ಬಿಟ್ಟು ಮುಂದೆ ನಡೆದುಹೋದ.

ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಅಮ್ಮ ಫೋನು ಹಿಡಿದುಕೊಂಡು ಓಡಿಬಂದಳು. "ನಿಮ್ಮಪ್ಪ ಏನು ಹಾಕಿದಾರೆ ನೋಡು."

ತಂದೆತಾಯಿಯರ ಗುಂಪಿನಲ್ಲಿ, ಮಕ್ಕಳು ಕಾಪಿ ಹೊಡೆಯುವುದರ ಬಗ್ಗೆ ಯಾರ್‍ಯಾರೋ ಬರೆದ ಬುದ್ಧಿಮಾತುಗಳ ಕೆಳಗೆ, ಅಪ್ಪನ ಸಂದೇಶವಿತ್ತು: 'ನನ್ನ ಮಗಳು ಕಾಪಿ ಹೊಡೆದಿಲ್ಲ. ಅವಳು ಬರೆದಿದ್ದನ್ನು ಅಳಿಸಿ ಸುಳ್ಳು ಬರೆದವನು ನಾನು. ನನ್ನ ತಾಯಿ ದಾದಿಯಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದರು. ಆ ಸಂಬಳದಲ್ಲಿ ನಾನು ಓದಿದೆ.' ಅದರ ಕೆಳಗೆ ಯಾರೂ ಏನೂ ಬರೆದಿರಲಿಲ್ಲ.

ಹಿಂದೆಯೇ ಅಪ್ಪನೂ ಬಂದರು. ಎಂದಿಗಿಂತ ಬೇಗ. ವಾರ್ತೆ ಫೋನಿಗೆ ಬಂದ ಕೂಡಲೇ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು ನಗುತ್ತ, 'ಏನ್ರೀ, ನಿಮ್ಮ ಮಗಳು ಕಳ್ಳಿ ಅಂತೆ?' ಅಂದಿದ್ದರಂತೆ. ಅದಕ್ಕೆ ಅಪ್ಪನೂ ಜೊತೆಗೆ ನಕ್ಕುಬಿಟ್ಟಿದ್ದರಂತೆ. ಆಮೇಲೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲವಂತೆ.

ಅಮ್ಮ ಆ ಸಂದೇಶವನ್ನು ಅಜ್ಜಿಗೆ ಜೋರಾಗಿ ಓದಿ ಅರ್ಥ ಹೇಳಿದಳು. ಅಜ್ಜಿ ಪೂರ್ತಿ ಕೇಳಿಸಿಕೊಂಡು, ಮೊದಲು ಮೊಮ್ಮಗಳನ್ನು ಹತ್ತಿರ ಕರೆದು ಅವಳ ತಲೆಯನ್ನು ಮಡಿಲಿಗೊತ್ತಿಕೊಂಡಳು. ಆಮೇಲೆ ಮಗನ ಕಡೆ ತಿರುಗಿದಳು.

"ಊರಿಗೆಲ್ಲ ಹೇಳಿದೆ. ಒಳ್ಳೇದಾಯ್ತು. ನನಗೆ ಹೇಳಿದ್ಯೇನೋ?"

ಅಪ್ಪ ಕಚೇರಿಯ ಅಂಗಿ ಮುದುರುವುದನ್ನೂ ಲೆಕ್ಕಿಸದೆ ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಕೂತರು.

"ನೀನು ಸ್ಕೂಲ್ ಹತ್ರ ಬರ್ತಿದ್ದಾಗ... ನಾನು ಇನ್ನೊಂದು ಗೇಟಿಂದ ಹೋಗಿಬಿಡ್ತಿದ್ದೆ ಅಮ್ಮ."

"ಗೊತ್ತಿತ್ತು ಕಣೋ. ನೀನು ಚಿಕ್ಕೋನು, ಹೋಗ್ಲಿ ಅಂದ್ಕೊಂಡಿದ್ದೆ. ಈಗ ಚಿಕ್ಕೋನಲ್ವಲ್ಲ."

ಅಜ್ಜಿ ಕೈ ಚಾಚಿ ಅಪ್ಪನ ತಲೆ ಸವರಲೂ ಇಲ್ಲ, ಎದ್ದು ಹೋಗು ಅನ್ನಲೂ ಇಲ್ಲ. ಅವರು ಅಲ್ಲಿಯೇ ಕೂತಿದ್ದರು.

ಭಾನುವಾರ ಪಿಟೀಲು ಹೊಸ ಅಸೈನ್‌ಮೆಂಟ್ ಹರಡಿಕೊಂಡು ಕಂಪ್ಯೂಟರಿನ ಮುಂದೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಅಪ್ಪ ಬಾಗಿಲಲ್ಲಿ ಬಂದು ನಿಂತರು.

"ನಾನೊಂದು ಸಲ ನೋಡ್ಲೇನೇ?"

"ಬೇಡಪ್ಪ." ಅವಳು ತಿರುಗಿ ನೋಡಲಿಲ್ಲ. "ತಪ್ಪಿದ್ರೆ ಮಿಸ್ ತಿದ್ದುತಾರೆ."

ಅಪ್ಪ ತಲೆಯಾಡಿಸಿದರು. ಒಳಗೆ ಹೋಗಿ ಒಂದು ಕುರ್ಚಿ ತಂದು, ಪರದೆ ಕಾಣದಷ್ಟು ದೂರಕ್ಕೆ ಹಾಕಿ, ಅವಳಿಗೆ ಬೆನ್ನು ಮಾಡಿ ಕೂತರು. ಬಹಳ ಹೊತ್ತಾದ ಮೇಲೆ, ಕೀಲಿಗಳ ಸದ್ದು ನಿಂತಿತು.

"ಅಪ್ಪಾ, 'ಹಬೆ'ಗೆ ಇಂಗ್ಲಿಷಲ್ಲಿ ಏನಂತಾರೆ?"

ಅಪ್ಪ ಕೂತಲ್ಲಿಂದಲೇ, ತಿರುಗದೆ, ಆ ಒಂದು ಪದವನ್ನಷ್ಟೇ ಹೇಳಿದರು.