ಬಸವಣ್ಣನ ಬಾಯಿಗೆ ಬಾರದ ನೀರು

ನಾನೊಂದು ಕಲ್ಲು. ಹೊಳೆಕೋಟೆಯವರು ನನ್ನನ್ನು ಹೊಳೆಬಸವಣ್ಣ ಎಂದು ಕರೆದು ಕೈ ಮುಗಿಯುತ್ತಾರೆ. ದೇವರೆನ್ನುವುದು ಅವರ ದೊಡ್ಡತನ. ನಾನು ಹುಟ್ಟಿದ್ದು ನೀರು ಅಳೆಯುವುದಕ್ಕೆ.

ಆಚೆ ದಡದ ಬಂಡೆಯಿಂದ ನನ್ನನ್ನು ಸೀಳಿ ತೆಗೆದಾಗ ಊರು ಒಬ್ಬ ನಾಯಕನ ಕೈಯಲ್ಲಿತ್ತು. ಮೂರು ಕಡೆ ಗೋಡೆ ಕಟ್ಟಿಸಿದ ಆ ಜಿಪುಣ, ನಾಲ್ಕನೆಯ ಕಡೆಯ ಕಾವಲನ್ನು ಹೊಳೆಗೇ ಬಿಟ್ಟಿದ್ದ. ಹೊಳೆಯಿದ್ದುದರಿಂದ ಶತ್ರುಗಳು ಬರಲಿಲ್ಲ, ಸಂತೆ ಬಂತು. ದಿಬ್ಬದ ಮೇಲೆ ವರ್ತಕರು ಮನೆ ಕಟ್ಟಿಕೊಂಡರು. ಹರಿಗೋಲು ಹಾಕುವ ಅಂಬಿಗರಿಗೆ, ನೂಲಿಗೆ ಬಣ್ಣ ಅದ್ದುವವರಿಗೆ ತಗ್ಗಿನಲ್ಲಿ ಜಾಗ ಸಿಕ್ಕಿತು. ಸಿಕ್ಕಿತು ಅಂದರೆ, ಆ ಜಾಗ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಅದೇ ತಗ್ಗಿನಕೇರಿ.

ಒಂದು ಮಳೆಗಾಲ ಆ ಕೇರಿ ಕೊಚ್ಚಿಹೋಯಿತು. ನಾಯಕನಿಗೆ ಬಹಳ ದುಃಖವಾಯಿತಂತೆ. ಆಗದೆ ಏನು, ದಾಟಿಸುವವರಿಲ್ಲದೆ ಅವನ ಸಂತೆಯೇ ನಿಂತುಹೋಗಿತ್ತು. ಅವನು ನನ್ನ ಮೈಮೇಲೆ ಪುಟ್ಟ ಬಸವನನ್ನು ಕೆತ್ತಿಸಿ, ಬಸವನ ಬಾಯಿ ಕೇರಿಯ ಹೊಸ್ತಿಲುಗಳಿಗಿಂತ ಕೆಳಗಿರುವಂತೆ ದಡದಲ್ಲಿ ನೆಡಿಸಿದ. ಒಂದು ಕಟ್ಟಳೆಯನ್ನೂ ಮಾಡಿದ. ನೀರು ಬಸವಣ್ಣನ ಬಾಯಿ ಮುಟ್ಟಿದರೆ ಕೋಟೆಬಾಗಿಲಲ್ಲಿ ನಗಾರಿ ಹೊಡೆಯಬೇಕು, ಮೇಲಿನಕೇರಿಯ ಪ್ರತಿ ಮನೆಯವರೂ ತಗ್ಗಿನ ಒಂದು ಸಂಸಾರವನ್ನು ಒಳಗೆ ಕರೆದು ಅನ್ನ ಇಕ್ಕಬೇಕು. ಮುಟ್ಟುವ ಮೊದಲು ಮಾತ್ರ ಯಾರೂ ಮೇಲೆ ಹತ್ತಕೂಡದು.

ನಾಯಕ ಹೋದ, ಅವನ ವಂಶ ಹೋಯಿತು, ಕಟ್ಟಳೆ ಉಳಿಯಿತು. ಬಿಳಿಯ ಸಾಹೇಬರು ಬಂದು ನನ್ನ ಪಕ್ಕೆಗೆ ಬಣ್ಣದಲ್ಲಿ ಗೆರೆ ಎಳೆದರು, ಹೊಳೆ ಅದನ್ನು ತೊಳೆದು ಹಾಕಿತು. ಸೇತುವೆಯಾಯಿತು, ಹರಿಗೋಲುಗಳು ಮೂಲೆ ಸೇರಿದವು. ಆದರೂ ಊರಿಗೆ ಹೊಳೆ ಬಿಟ್ಟು ಬದುಕಿರಲಿಲ್ಲ. ಬಾಣಂತಿಯರ ಬಟ್ಟೆ ನನ್ನ ಪಕ್ಕದಲ್ಲೇ ಒಗೆದರು, ಸತ್ತವರ ಬೂದಿಯನ್ನೂ ಅಲ್ಲೇ ಬಿಟ್ಟರು. ಮಳೆಗಾಲದಲ್ಲಿ ತಗ್ಗಿನಕೇರಿಯ ಹೆಂಗಸರು ಒಲೆ ಹಚ್ಚುವ ಮುಂಚೆ ಬಂದು ನನ್ನ ಬಾಯಿ ನೋಡಿ ಹೋಗುತ್ತಿದ್ದರು.

ಒಮ್ಮೆ ಬಣ್ಣಗಾರರ ಸಂಸಾರವೊಂದು ಹೆದರಿ ಮೊದಲೇ ಮೇಲೆ ಹತ್ತಿತು. ಆ ವರ್ಷ ನೀರು ನನ್ನ ಬುಡಕ್ಕೆ ಬಂದು ಇಳಿದುಹೋಯಿತು. "ಪುಕ್ಕಟೆ ಉಣ್ಣಾಕ ಹೋಗಿದ್ರು" ಎಂದು ಮೇಲಿನವರು ನಕ್ಕರು. ಅವರಿಗಿಂತ ಜೋರಾಗಿ ತಗ್ಗಿನವರೇ ನಕ್ಕರು. ಆ ಮನೆಯ ಹುಡುಗಿಯರಿಗೆ ಗಂಡು ಸಿಗಲಿಲ್ಲ, ಕೊನೆಗೆ ಅವರು ಊರೇ ಬಿಟ್ಟರು. ಅಂದಿನಿಂದ ತಗ್ಗಿನಕೇರಿಯಲ್ಲಿ ಬಸವಣ್ಣನ ಬಾಯಿ ಎಂದರೆ ಮಾನ ಎಂದರ್ಥ.

ನಗರಸಭೆಯವರಿಗೆ ಹೊಳೆ ಚಂದಗಾಣಿಸಿ, ದಡದಲ್ಲಿ ಹೊಳೆಗೆ ಆರತಿ ಮಾಡಿಸುವ ಹುಕಿ ಬಂದದ್ದು ಇತ್ತೀಚೆಗೆ. ಅಧ್ಯಕ್ಷರು ಮೂಗಿಗೆ ಕರ್ಚೀಫು ಹಿಡಿದು ನನ್ನ ಹತ್ತಿರ ಬಂದರು. "ಬಸವಣ್ಣ ಹಿಂಗ ರಾಡಿಯಾಗ ಕುಂತರ ಆರತಿಗೆ ಬಂದವರಿಗೆ ಏನು ಕಾಣ್ತೈತಿ? ಎತ್ರಿ ಮ್ಯಾಲೆ" ಎಂದರು. ಕ್ರೇನು ನನ್ನನ್ನು ಹಲ್ಲು ಕಿತ್ತಂತೆ ಕಿತ್ತು, ಹೊಸ ಮೆಟ್ಟಿಲುಗಳ ತುದಿಯಲ್ಲಿ, ಟೈಲ್ಸ್ ಹಾಕಿದ ಕಟ್ಟೆಯ ಮೇಲೆ ಕೂರಿಸಿತು. ಅಲ್ಲಿಂದ ನೋಡಿದರೆ ತಗ್ಗಿನಕೇರಿಯ ಸೂರುಗಳೆಲ್ಲ ನನಗಿಂತ ಕೆಳಗೆ.

ಹೆಚ್ಚು ಸಂಭ್ರಮಪಟ್ಟವರು ತಗ್ಗಿನವರೇ. ಅಂಬಿಗರ ಕೆಂಚವ್ವ, ಮಾನವಂತ ಮುದುಕಿ, ಸೊಸೆ ಹುಲಿಗೆವ್ವನನ್ನೂ ಇಬ್ಬರು ಮೊಮ್ಮಕ್ಕಳನ್ನೂ ಕರೆದುಕೊಂಡು ಬಂದು ಕಾಯಿ ಒಡೆದಳು. ಮಗ ಲಾರಿ ಓಡಿಸಲು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಗೆ ಅವಳೇ ಯಜಮಾನಿ.

"ಅತ್ತೀ, ಬಸವಣ್ಣನ್ನ ಇಷ್ಟು ಮ್ಯಾಲೆ ಎತ್ತಿದ್ರ ಹೊಳಿ ಬಂದದ್ದು ಗೊತ್ತಾಗ್ತೈತೇನು?" ಎಂದು ಹುಲಿಗೆವ್ವ ಕೇಳಿದಳು.

"ದೇವರಿಗೆ ಎಲ್ಲಿ ಕುಂತ್ರೂ ಗೊತ್ತಾಗ್ತೈತಿ, ಬಾಯಿ ಮುಚ್ಚು" ಎಂದಳು ಕೆಂಚವ್ವ.

ನನಗೆ ಮೈಯೆಲ್ಲ ಉರಿಯಿತು. ನನಗೆ ಏನೂ ಗೊತ್ತಾಗುವುದಿಲ್ಲ, ಮುದುಕಿ. ನಾನಿದ್ದ ಜಾಗಕ್ಕೆ ಗೊತ್ತಾಗುತ್ತಿತ್ತು.

ಮುಂದಿನ ಶ್ರಾವಣದಲ್ಲಿ ಮೇಲಿನ ಅಣೆಕಟ್ಟೆಯ ಗೇಟುಗಳನ್ನು ತೆಗೆದರು. ಮಧ್ಯಾಹ್ನದ ಹೊತ್ತಿಗೆ ನೀರು ನನ್ನ ಹಳೆಯ ಜಾಗವನ್ನು ನುಂಗಿತ್ತು. ನಗಾರಿ ಹೊಡೆಯುವವನು ಕಟ್ಟೆಯ ಹತ್ತಿರ ಬಂದು, ನನ್ನ ಒಣ ಬಾಯಿ ನೋಡಿ, ಬೀಡಿ ಹಚ್ಚಿಕೊಂಡು ಹೋದ. ಹುಲಿಗೆವ್ವ ಮಾತ್ರ ಒಂದು ಗಂಟು ಹೊತ್ತು, ಮಕ್ಕಳನ್ನು ಎಳೆದುಕೊಂಡು ಮೆಟ್ಟಿಲು ಹತ್ತಿ, ಮೇಲಿನಕೇರಿಯ ಮೊದಲ ಮನೆಯ ಬಾಗಿಲು ಬಡಿದಳು. ಅಕ್ಕಿ ಆರಿಸುತ್ತಿದ್ದ ಮನೆಯೊಡತಿ ಕಿಟಕಿಯಿಂದ ಹಣಕಿದಳು.

"ಬಸವಣ್ಣನ ಬಾಯಿ ಮುಟ್ಟೇತೇನು?"

"ಇಲ್ರಿ ಅಕ್ಕಾರ. ನೀರು ಹೊಸ್ತಿಲಕ ಬಂದೈತ್ರಿ. ಹುಡುಗ್ರನ್ನಾರ ಒಳಗ ಕರ್ಕೊಳ್ರಿ."

"ಮುಟ್ಟಿದ ಮ್ಯಾಲೆ ಬಾರವ್ವ. ಬ್ಯಾಡ ಅಂದೋರ‍್ಯಾರು?" ಎಂದು ಅವಳು ಕಿಟಕಿ ಹಾಕಿದಳು.

ಹಾಗೆ ಬಾಗಿಲು ಬಡಿದದ್ದನ್ನು, ನೀರು ನೋಡಲು ನನ್ನ ಕಟ್ಟೆಗೆ ಬಂದಿದ್ದ ಕೆಂಚವ್ವ ಕಂಡಳು. ಅವಮಾನದಿಂದ ಅವಳ ಮುಖ ಕಪ್ಪಿಟ್ಟಿತು.

"ನಮ್ಮ ಮಾನ ತಗೀತಿಯೇನ? ನಡಿ ಮನಿಗೆ! ನಾನಿಲ್ಲೇ ಕುಂತು ನೋಡ್ತೀನಿ. ಬಾಯಿ ಮುಟ್ಟಿದ ಕೂಡ್ಲೇ ಕೂಗ್ತೀನಿ, ಆಗ ಬಾ."

ಹುಲಿಗೆವ್ವ ಹೊತ್ತ ಗಂಟನ್ನು ಕೆಳಗಿಟ್ಟಳು. ಹುಡುಗ ಪರಶ್ಯಾ ಅಜ್ಜಿಯ ಸೆರಗು ಹಿಡಿದುಕೊಂಡ, ಪುಟ್ಟಿ ಲಚುಮಿ ಗಂಟಿನ ಮೇಲೆ ಕೂತುಬಿಟ್ಟಳು. ಕೆಂಚವ್ವ ಅವನ ಕೈ ಬಿಡಿಸಿದಳು, ಅವಳನ್ನು ಎಬ್ಬಿಸಿದಳು. ಮೂವರೂ ಮೆಟ್ಟಿಲಿಳಿದು ಹೋದರು.

ಮುದುಕಿ ನನ್ನ ಬಾಯಿಂದ ಕಣ್ಣು ಕೀಳಲಿಲ್ಲ. ಅವಳ ಬೆನ್ನ ಹಿಂದೆ ಬಣ್ಣಗಾರರ ಓಣಿಯಿಂದ ನುಗ್ಗಿದ ನೀರು ತಗ್ಗಿನಕೇರಿಯ ಮಣ್ಣಿನ ಗೋಡೆಗಳನ್ನು ಒಂದೊಂದಾಗಿ ಕೆಡವಿತು. ಗದ್ದಲಕ್ಕೆ ಅವಳು ತಿರುಗಿದಾಗ ಸೂರುಗಳು ತೇಲುತ್ತಿದ್ದವು. ನೀರು ನನ್ನ ಕಟ್ಟೆಯ ಕೆಳಗೆ ಕೆಲವು ಮೆಟ್ಟಿಲು ಉಳಿದಿರುವಾಗ ನಿಂತು, ಇಳಿಯತೊಡಗಿತು.

ಹಾನಿ ನೋಡಲು ಬಂದ ಅಧಿಕಾರಿಗೆ ಅಧ್ಯಕ್ಷರು ನನ್ನನ್ನೇ ತೋರಿಸಿದರು. "ನೋಡ್ರಿ ಸರ್, ಬಾಯಿ ಒಣಗೇತಿ. ನಮ್ಮೂರಾಗ ಇದಕ್ಕ ನೆರಿ ಅನ್ನಂಗಿಲ್ಲ." ಅಧಿಕಾರಿ ನನ್ನ ಬಾಯಿಯ ಫೋಟೊ ತೆಗೆದುಕೊಂಡು ಹೋದ. ಮೂರು ಹೆಣಗಳು ಸೇತುವೆಯ ಕಂಬದ ಹತ್ತಿರ ಸಿಕ್ಕಿದವು. ತಾಯಿ ತನ್ನ ಸೀರೆಯಿಂದ ಮಕ್ಕಳನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳು.

ಈಗ ನಾನು ಮುದಿಯಾಗಿದ್ದೇನೆ, ಬಸವನ ಕೋಡು ಸವೆದಿದೆ. ಬೆಳ್ಳಿಯ ಮುಖವಾಡ ಮಾಡಿಸುವ ಮಾತು ನಡೆದಿದೆ. ಹೊಳೆಯನ್ನು ಶಪಿಸುವವರನ್ನು ದಿನವೂ ಕೇಳುತ್ತೇನೆ. ಹೊಳೆ ಯಾರಿಗೂ ಮಾತು ಕೊಟ್ಟಿರಲಿಲ್ಲ. ಕೊಟ್ಟದ್ದು ಊರು, ಸಾಕ್ಷಿಗೆ ನಿಲ್ಲಿಸಿದ್ದು ನನ್ನನ್ನು. ತಗ್ಗಿನಲ್ಲಿ ಮತ್ತೆ ಗೋಡೆಗಳು ಎದ್ದಿವೆ, ಮಳೆಗಾಲದಲ್ಲಿ ಹೆಂಗಸರು ಮತ್ತೆ ಬಂದು ನನ್ನ ಬಾಯಿ ನೋಡಿ ಹೋಗುತ್ತಾರೆ. ಇವರಿಗೆ ಬುದ್ಧಿ ಹೇಳಲು ನನಗೆ ನಾಲಿಗೆ ಕೆತ್ತಿಲ್ಲ.

ಕೆಂಚವ್ವ ಪ್ರತಿದಿನ ಹೊಳೆಯಿಂದ ಕೊಡ ತುಂಬಿಕೊಂಡು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಾಳೆ. ಹರಕೆ ಇರಬೇಕೆಂದು ಯಾತ್ರಿಕರು ದಾರಿ ಬಿಡುತ್ತಾರೆ. ಕೆಲವರು ತಾವೂ ಒಂದೊಂದು ಚೊಂಬು ನೀರು ತರತೊಡಗಿದ್ದಾರೆ, ಅವರಿಗೆಂದು ಪೂಜಾರಿ ಸ್ಟೀಲಿನ ಚೊಂಬುಗಳನ್ನು ಇಟ್ಟಿದ್ದಾನೆ. ಅವಳು ಕೊಡದ ನೀರನ್ನು ನನ್ನ ಬಾಯಿಗೆ ಸುರಿಯುತ್ತಾಳೆ, ಬೆರಳಿಂದ ಮುಟ್ಟಿ ಒದ್ದೆಯಾಯಿತೇ ಎಂದು ನೋಡುತ್ತಾಳೆ. ಆಮೇಲೆ ತಗ್ಗಿನ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗುತ್ತಾಳೆ.

"ಮುಟ್ಟೇತಿ! ಹುಲಿಗೆವ್ವಾ, ಮುಟ್ಟೇತಿ! ಹುಡುಗ್ರನ್ನ ಕರ್ಕೊಂಡು ಮ್ಯಾಲೆ ಬಾರವ್ವಾ!"